ಹೆರಿಗೆಗೆ ಗಣಿಯ ಪಾಳಿ ಇಲ್ಲ

ಚಿನ್ನದ ಗಣಿಯ ಆಳುಗಳ ಸಾಲುಮನೆ, ಉರಿಗಾಂ ಲೈನಿನ ಕದಿರಮ್ಮ ಒಂದು ಸಲ ಗದರಿದರೆ ಸಾಕು, ಮಾರಿಕುಪ್ಪಂನಲ್ಲಿ ರೈಲು ನಿಲ್ಲುತ್ತಿತ್ತು. ಅಂಥವಳು ಸೊಸೆ ಚಿಕ್ಕವೆಂಕಟಮ್ಮನ ಚೊಚ್ಚಲ ಹೆರಿಗೆಯ ದಿನ ನಾಲ್ಕು ಕೊಡ ಬೆವರು ಸುರಿಸಿದಳು. ಪಾಳಿಗೆ ಕರೆಯುವ ಗಣಿಯ ಸೈರನ್, ಬೆಳಗಿನ ಸಂಗು, ಊದುವಾಗ ನೋವು ಶುರುವಾಗಿತ್ತು. ನೆಲದಡಿಯ ಆಳುಗಳ ಪಾಳಿ ಮುಗಿದು ಮಧ್ಯಾಹ್ನದ ಸಂಗು ಊದುವುದರೊಳಗೆ ಮಗು ಹುಟ್ಟಬೇಕು, ಇಲ್ಲದಿದ್ದರೆ ಇಬ್ಬರು ಗಟ್ಟಿ ಹೆಂಗಸರು ಹೊಟ್ಟೆ ಒತ್ತಬೇಕು, ಅಲ್ಲಿಯವರೆಗೂ ಹನಿ ನೀರೂ ಕೊಡಬಾರದು. ಇದು ಆ ಲೈನಿನವರ ಕಾನೂನು.

ಆದರೆ ಮಗ ಸೊಣ್ಣಪ್ಪ ಗಣಿಗೆ ಇಳಿಯುವ ಮೊದಲೇ ಆಸ್ಪತ್ರೆಯಲ್ಲಿ ಕೆಲಸ ಕಲಿತ ಸೂಲಗಿತ್ತಿ ಅನಸೂಯಮ್ಮನಿಗೆ ಹೇಳಿಕಳಿಸಿದ್ದ. ಅವಳು ಬಂದವಳೇ ಅರ್ಧ ಕೆರೆ ನೀರು ಖಾಲಿಯಾಗುವಷ್ಟು ಹೊತ್ತು ಸೋಪು ಹಚ್ಚಿ ಕೈ ತೊಳೆದಳು. ಸೊಸೆಗೆ ಗುಟುಕು ಗುಟುಕಾಗಿ ಗಂಜಿ ಕುಡಿಸಿದಳು, ಮೆಲ್ಲಗೆ ಓಡಾಡಿಸಿದಳು, ಆಗಾಗ ಒಂದಕ್ಕೆ ಕಳಿಸಿದಳು. ನೋವು ಇಳಿದಾಗಲೆಲ್ಲ ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು, ಕಿವಿಗೊಟ್ಟು, ಗಡಿಯಾರ ನೋಡಿದಳು. ಕದಿರಮ್ಮನಿಗೆ ಇದೆಲ್ಲ ಬೊಂಬೆಯಾಟವಾಗಿ ಕಂಡಿತು.

ಮಧ್ಯಾಹ್ನದ ಸಂಗು ಊದಿತು. ಒತ್ತುವ ಹೆಂಗಸರು ಬಾಗಿಲಿಗೆ ಬಂದು ನಿಂತರು.

"ಇನ್ನೇನವ್ವಾ ಕಾಯೋದು? ಜರುಗು ಅತ್ಲಾಗೆ," ಎಂದಳು ಕದಿರಮ್ಮ.

"ಪಾಳಿ ಇರೋದು ಗಣಿಗೆ ಕಣಕ್ಕಾ, ಎರಿಗೆಗಲ್ಲ. ಚೊಚ್ಚಲು ನಿಧಾನವೇ. ಮಗೀನ ಗುಂಡಿಗೆ ಚೆಂದಾಗಿ ಒಡ್ಕೊಂತೈತೆ. ಬಾ, ನೀನೇ ಕೇಳು."

ಕದಿರಮ್ಮ ಕೊಳವೆಗೆ ಕಿವಿ ಇಟ್ಟಳು. ಒಳಗೆ ಬೂದಿಕೋಟೆಯಿಂದ ಬಂಗಾರಪೇಟೆಗೆ ಒಂದೇ ಉಸಿರಿಗೆ ಓಡುವ ಕುದುರೆ!

"ಒತ್ತಿದ್ರೆ ಏನಾಗ್ತದೆ?" ದನಿ ಇಳಿದಿತ್ತು.

"ಗರ್ಭಚೀಲ ಅರಿದೋಗಬೌದು. ಆಮ್ಯಾಲೆ ತಾಯಿನೂ ಉಳಿಯಾಕಿಲ್ಲ, ಮಗೂನೂ ಉಳಿಯಾಕಿಲ್ಲ."

ಕದಿರಮ್ಮ ಕೊಳವೆಯನ್ನು ಕೆಳಗಿಟ್ಟಳು. "ಓದ್ ವರ್ಸ ನನ್ ಮಗಳಿಗೆ ಒತ್ತಿಸಿದ್ದೆ," ಎಂದಳು. "ಇಬ್ರೂ ಉಳೀಲಿಲ್ಲ. ಅಣೆಬರಾ ಅಂದ್ಕೊಂಡಿದ್ದೆ."

ಅನಸೂಯಮ್ಮ ಅವಳ ಕೈ ಹಿಡಿದು ಸೊಸೆಯ ಬೆನ್ನಿನ ಮೇಲಿಟ್ಟಳು. "ನಿಂಗೆ ಗೊತ್ತಿರಲಿಲ್ಲ ಕಣಕ್ಕಾ. ನೋವ್ ಬಂದಾಗ ಇಲ್ಲಿ ನೀವ್ತಾ ಇರು." ರಕ್ತ ಹೋದರೆ, ಮೈ ಸೆಟೆದರೆ, ಮಗುವಿನ ಗುಂಡಿಗೆ ಬಡಿತ ಇಳಿದರೆ, ನೋವು ಬಂದೂ ಹೆರಿಗೆ ಮುಂದೆ ಸಾಗದಿದ್ದರೆ, ಗಾಡಿ ಕಟ್ಟಿಸಿ ಕೂಡಲೇ ಆಸ್ಪತ್ರೆಗೆ ಹೋಗೋಣ ಎಂದೂ ಹೇಳಿದಳು.

ಕದಿರಮ್ಮ ಬಾಗಿಲ ಕಡೆ ತಿರುಗಿ ಒತ್ತುವವರನ್ನು ಮನೆಗೆ ಕಳಿಸಿದಳು. ಆಮೇಲೆ ಬೆನ್ನು ನೀವಿದಳು, ನೀವಿದಳು, ಅಂಗೈ ರೇಖೆ ಸವೆಯುವಷ್ಟು ನೀವಿದಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿ, ಸಾವಿರ ಅಡಿ ಕೆಳಗಿನ ಆಳುಗಳೂ ತಲೆಯೆತ್ತುವಂತೆ ಅತ್ತಿತು. ಬೆವರಿದ ಸೊಸೆ ಅತ್ತೆಯ ಸೆರಗು ಬಿಡದೆ ಹಾಗೇ ನಿದ್ದೆ ಹೋದಳು.

ತಾಯಂದಿರೇ, ಇಲ್ಲಿ ಹೇಳಿದ ಕುದುರೆ, ಕೆರೆ ಯಾವುದನ್ನೂ ನಂಬಬೇಡಿ. ಇಷ್ಟನ್ನು ಮಾತ್ರ ನಂಬಿ: ನೋವು ಕಾಣಿಸಿದ ಕೂಡಲೇ ಕಲಿತ ಸೂಲಗಿತ್ತಿಯನ್ನು ಕರೆಸಿ, ಹೊಟ್ಟೆ ಒತ್ತಬೇಡಿ, ಹೆರುವವಳನ್ನು ಒಬ್ಬಳನ್ನೇ ಬಿಡಬೇಡಿ.