ಹಸಿರು ಮಾಡಿದ ಮಕ್ಕಳು

"ಎಷ್ಟು ತಲೆ ಇದಾವೆ?"

"ನಾಲ್ಕು, ಸಾರ್."

"ನಾಲ್ಕಕ್ಕೆ ಬಾಟಲಿ ಒಡೀತೀಯೇನೇ, ಕತ್ತೆ? ನಿಮ್ಮಪ್ಪನ ಮನೆ ಗಂಟಾ ಅದು? ಹತ್ತು ಸೇರದೆ ಮುಚ್ಚಳ ಮುಟ್ಟಿದ್ರೆ ಕೈ ಮುರಿದು ಹಾಕ್ತೀನಿ. ಕಳ್ಸು ಆಚೆ."

ಡಾಕ್ಟರು ಇದನ್ನು ತಾಯಂದಿರ ಎದುರಿಗೇ ಹೇಳಿದರು. ಇಟ್ಟಿಗೆ ಗೂಡಿನ ಹೆಂಗಸರ ಮುಂದೆ ದನಿ ತಗ್ಗಿಸಬೇಕೆಂದು ಅವರಿಗೆ ಯಾವತ್ತೂ ಅನ್ನಿಸಿದ್ದಿಲ್ಲ. ನಾನೂ ಅದೇ ಗೂಡಿನ ಶೆಡ್ಡಿನಲ್ಲಿ ಹುಟ್ಟಿದವಳು. ಬಿದ್ದು ಎದ್ದು ನರ್ಸ್ ತರಬೇತಿ ಮುಗಿಸಿ ಈ ಆರೋಗ್ಯ ಕೇಂದ್ರ ಸೇರಿದ್ದೆ. ವರ್ಷಕ್ಕೊಮ್ಮೆ ಡಾಕ್ಟರು ಸಹಿ ಹಾಕಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಶೆಡ್ಡಿನವರು ನನ್ನನ್ನು ಸೂಜಿಯಕ್ಕ ಎನ್ನುತ್ತಾರೆ.

ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ಹೆಬ್ಬೆರಳಿನಷ್ಟು ಬಾಟಲಿಯಲ್ಲಿ ಹತ್ತು ಮಕ್ಕಳ ಪಾಲು. ನೀರು ಬೆರೆಸಿದರೆ ನಾಲ್ಕು ಗಂಟೆಯೊಳಗೆ ಹಾಕಿ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಎಸೆದದ್ದು ಅತಿ ಕಡಿಮೆ ಎಂದು ನಮ್ಮ ಕೇಂದ್ರಕ್ಕೆ ಒಂದು ಪ್ರಶಸ್ತಿ ಫಲಕ ಬಂದು, ಡಾಕ್ಟರ ಕುರ್ಚಿಯ ಹಿಂದಿನ ಗೋಡೆ ಹತ್ತಿತ್ತು. ಅದಕ್ಕಾಗಿ ಎಷ್ಟು ಮಕ್ಕಳು ಬಂದ ದಾರಿ ಹಿಡಿದವೆಂದು ಅದರ ಮೇಲೆ ಬರೆದಿರಲಿಲ್ಲ.

ಆ ನಾಲ್ಕರಲ್ಲಿ ಒಂದು ನನ್ನ ತಂಗಿಯ ಮಗಳು ಗುಬ್ಬಿ. ಒಂಬತ್ತು ತಿಂಗಳು ತುಂಬಿತ್ತು. ಹಲ್ಲಿಲ್ಲದ ಬಾಯಲ್ಲಿ ಸಿಕ್ಕಿದವರ ಮೂಗನ್ನೆಲ್ಲ ಕಚ್ಚುತ್ತಿದ್ದಳು. ಗುರುವಾರ ಲಸಿಕೆಯ ದಿನ. ತಂಗಿ ಅವತ್ತಿನ ಕೆಲಸ ಬಿಟ್ಟು, ಮೇಸ್ತ್ರಿಯ ಬೈಗುಳ ತಿಂದು, ಒಂದೂವರೆ ಗಂಟೆ ನಡೆದು ಬಂದಿದ್ದಳು.

"ಮುಂದಿನ ವಾರ ಬಾ," ಎಂದೆ. ನಮ್ಮವಳೆಂದು ಬಾಟಲಿ ಒಡೆದಳು ಎಂಬ ಮಾತು ನನಗೆ ಬೇಡವಾಗಿತ್ತು. ನಿಯಮ ಎಲ್ಲರಿಗೂ ಒಂದೇ ಎಂಬ ದೊಡ್ಡಸ್ತಿಕೆ ಬೇರೆ. ಆ ದೊಡ್ಡಸ್ತಿಕೆಗೆ ಬೆಂಕಿ ಬೀಳಲಿ.

ಮುಂದಿನ ವಾರ ಆರು ಮಕ್ಕಳು ಬಂದವು. ಅದರ ಮುಂದಿನ ವಾರ ಒಂಬತ್ತು. ನಾನು ಡಾಕ್ಟರ ಬಾಗಿಲಿಗೆ ಹೋಗಿ, "ಒಂದೇ ಕಮ್ಮಿ ಸಾರ್," ಎಂದೆ.

"ಒಂಬತ್ತು ಅಂದ್ರೆ ಹತ್ತಲ್ಲ. ಅಷ್ಟೂ ಲೆಕ್ಕ ಬರಲ್ವಾ?"

ತಂಗಿ ಗುಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು ನಕ್ಕಳು. "ಪಾಪಿ ಸಮುದ್ರಕ್ಕೆ ಹೋದ್ರೂ ಮೊಣಕಾಲುದ್ದ ನೀರು. ಇನ್ನೊಂದು ಹೆತ್ಕೊಂಡು ಬರ್ಲೇನಕ್ಕ ಹಂಗಾದ್ರೆ?" ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅವಳು ಆಮೇಲೆ ಬರಲಿಲ್ಲ. ನಾಲ್ಕನೇ ಗುರುವಾರ ಕೆಲಸ ಬಿಟ್ಟರೆ ಶೆಡ್ಡನ್ನೂ ಬಿಡಬೇಕಾಗುತ್ತದೆ ಎಂದು ಮೇಸ್ತ್ರಿ ಹೇಳಿದ್ದನಂತೆ.

ಅದಾಗಿ ಹತ್ತು ದಿನಕ್ಕೆ ಎಲ್ಲ ಲಸಿಕೆ ಕೆಲಸಗಾರರ ಮೊಬೈಲಿಗೂ ಹೊಸ ಮಾರ್ಗಸೂಚಿ ಬಂತು. ನಾಲ್ಕು ಪುಟ. ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು: ಒಂದೇ ಮಗು ಬಂದರೂ ಬಾಟಲಿ ತೆರೆಯತಕ್ಕದ್ದು, ಯಾವ ಮಗುವನ್ನೂ ಹಿಂದಕ್ಕೆ ಕಳಿಸಬಾರದು. ಓಡಿಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ಅದು ಓದೋಕೆ. ನಾನು ಹೇಳೋದು ಮಾಡೋಕೆ. ವೇಸ್ಟು ಹತ್ತು ಪರ್ಸೆಂಟಿನೊಳಗೇ ಇರ್ಬೇಕು ಅಂತ ಮೂರನೇ ಪುಟದಲ್ಲಿದೆ, ಅದನ್ನ ಓದಿದ್ಯಾ?"

ಅದೂ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ವರ ಕೊಟ್ಟ ದೇವರೇ ಪೂಜಾರಿಯ ಕೈಗೆ ಬೀಗವನ್ನೂ ಕೊಟ್ಟಿದ್ದ.

ಅದೇ ಸಂಜೆ ಪರ್ಸೆಂಟು ಸಾಹೇಬರ ಫೋನು. ಮೇಲಿನ ಕಚೇರಿಯಲ್ಲಿ ಕೂತು ನೋಂದಣಿ ನೋಡುವ ಅಧಿಕಾರಿಗೆ ನಾವಿಟ್ಟ ಹೆಸರು ಅದು. ಲಸಿಕೆ ಬಾಕಿಯಿರುವ ಮಗುವಿನ ಹೆಸರು ಅವರ ಪರದೆಯ ಮೇಲೆ ಕೆಂಪಾಗಿ ಕಾಣುತ್ತದೆ, ಹಾಕಿಯಾದ ಹೆಸರು ಹಸಿರಾಗಿ.

"ನಿನ್ನ ಏರಿಯಾ ನೋಡಿದ್ರೆ ಕಟುಕನ ಅಂಗಡಿ ಇದ್ದಂಗಿದೆ. ನಾಳೆ ಬೆಳಗ್ಗೆಯೊಳಗೆ ನಂಗೆ ಹಸಿರು ಬೇಕು."

"ಸಾರ್, ಬಾಟಲಿ ಒಡೆಯೋಕೆ ಡಾಕ್ಟ್ರು..."

"ಹಾಕಿ ಹಸಿರು ಮಾಡ್ತೀಯೋ, ಹಸಿರು ಮಾಡಿ ಹಾಕ್ತೀಯೋ, ನಿನ್ನಿಷ್ಟ. ವರ್ಷಕ್ಕೊಂದು ಸಹಿ ನಿನಗೂ ಬೇಕು ತಾನೇ?"

ಹಸಿರು ಮೊದಲು, ಸೂಜಿ ಆಮೇಲೆ. ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಮೊಬೈಲಿನ ನೋಂದಣಿಯಲ್ಲಿ ಹೆಸರನ್ನು ಹಸಿರು ಮಾಡಿ, ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುವುದು. ಹತ್ತು ಮಕ್ಕಳು ಸೇರಿದ ದಿನ ಕರೆದು ಹಾಕಿ, ರಬ್ಬರಿನಿಂದ ಅಳಿಸುವುದು. ಮೋಸ ಎಂದು ನಮಗೆ ಅನ್ನಿಸುತ್ತಿರಲಿಲ್ಲ, ಏಕೆಂದರೆ ಹಾಕಿಯೇ ಹಾಕುತ್ತಿದ್ದೆವು. ಆ ರಾತ್ರಿ ಶೆಡ್ಡಿನ ಮೂವತ್ತೆರಡು ಮಕ್ಕಳನ್ನು ಹಸಿರು ಮಾಡಿದೆ. ಗುಬ್ಬಿಯದು ಹದಿನೇಳನೇ ಹೆಸರು.

ಬೆಳಗಾಗುವಷ್ಟರಲ್ಲಿ ನೋಂದಣಿಯನ್ನೇ ಹೊಸದು ಮಾಡಿಬಿಟ್ಟಿದ್ದರು. ಇನ್ನು ಮುಂದೆ ಪ್ರತಿ ಬಾಟಲಿಯ ಮೇಲಿನ ಗುರುತನ್ನು ಮೊಬೈಲಿಗೆ ತೋರಿಸಬೇಕು, ಯಾವ ಮಗುವಿಗೆಂದು ಹೇಳಬೇಕು. ಹಸಿರಾದ ಮಗುವಿನ ಹೆಸರು ಒತ್ತಿದರೆ 'ಈಗಾಗಲೇ ನೀಡಲಾಗಿದೆ' ಎಂದು ಬರುತ್ತದೆ, ಅದರ ಹೆಸರಿಗೆ ಬಾಟಲಿ ತೆರೆಯುವಂತಿಲ್ಲ. ಮತ್ತೆ ಕೆಂಪು ಮಾಡಲು ಡಾಕ್ಟರ ಸಹಿ ಬೇಕು. ಕೇಳಿದೆ. "ಸುಳ್ಳು ಬರೆದವಳು ನೀನು, ಸಹಿ ಹಾಕಿ ಸಿಕ್ಕೊಳ್ಳೋನು ನಾನಾ?" ಎಂದರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು.

ಒಂದು ತಿಂಗಳಿಗೆ ಶೆಡ್ಡಿಗೆ ದಡಾರ ಬಂತು. ಗುಬ್ಬಿಗೆ ಮೈತುಂಬ ಕೆಂಪು, ಕಣ್ಣಲ್ಲಿ ಕೀವು, ಎಳೆದರೂ ಒಳಗೆ ಹೋಗದ ಉಸಿರು. ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿನ ನರ್ಸು ಕಂಪ್ಯೂಟರಿನಲ್ಲಿ ನೋಡಿದಳು.

"ದಡಾರ ಹೆಂಗಾಗುತ್ತೆ? ಹಾಕ್ಸಿದೀರಲ್ಲ. ಏನೋ ಅಲರ್ಜಿ ಇರ್ಬೇಕು. ಮುಲಾಮು ಹಚ್ಚಿ ಮನೆಗೆ ಕರ್ಕೊಂಡು ಹೋಗಿ."

"ಹಾಕ್ಸಿಲ್ಲಮ್ಮ," ಎಂದಳು ತಂಗಿ. "ಮೂರು ಸಲ ಹೋಗಿದ್ದೆ, ಹಾಕ್ಲಿಲ್ಲ."

"ಇಲ್ಲಿ ಹಸಿರಿದೆಯಲ್ಲ? ಹೆತ್ತೋರಿಗೆ ನೆನಪಿರಲ್ಲ, ಆಮೇಲೆ ಬಂದು ನಮ್ಮೇಲೆ ಗೂಬೆ ಕೂರಿಸ್ತೀರ. ಗೂಡಿನ ಜನಾನೇ ಇಷ್ಟು."

ತಂಗಿ ನನ್ನ ಮುಖ ನೋಡಿದಳು. ಹೇಳಕ್ಕ, ಎಂಬ ಹಾಗೆ. ನಾನು ನೆಲ ನೋಡಿದೆ. ಕೆಲಸ ಹೋಗುತ್ತದೆ, ಕೇಸಾಗುತ್ತದೆ, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಎರಡು ದಿನ ಆ ಮಗುವನ್ನು ವರಾಂಡದಲ್ಲಿ, ಮುಲಾಮು ಹಚ್ಚುತ್ತ, ನಾನೂ ತಂಗಿಯೂ ಸರದಿಯ ಮೇಲೆ ಎತ್ತಿಕೊಂಡು ಕೂತೆವು. ಮೂರನೇ ದಿನ ಬಾಯಿ ಬಿಟ್ಟೆ. "ಹಾಕಿಲ್ಲ. ಹಸಿರು ಮಾಡಿದ್ದು ನಾನೇ." ಆಗ ಒಳಗೆ ಕರೆದುಕೊಂಡರು, ಮೂಗಿಗೆ ನಳಿಕೆ ಹಾಕಿದರು, ನಮ್ಮ ಡಾಕ್ಟರಿಗೆ ಫೋನೂ ಮಾಡಿದರು.

ತಂಗಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಒಂದೇ ಒಂದು ಮಾತು ಕೇಳಿದಳು: "ಇನ್ನೂ ಯಾರ್ಯಾರ್ನ ಹಸಿರು ಮಾಡಿದೀಯ?"

ಹೆಸರುಗಳನ್ನು ಹೇಳಿದೆ. ಅವಳು ಬೆರಳು ಮಡಿಸುತ್ತ ಕೇಳಿಸಿಕೊಂಡಳು. ಐದನೇ ದಿನ ಗುಬ್ಬಿ ಹೋದಳು.

ಅದಾದ ಮೊದಲ ಗುರುವಾರ ಬೆಳಗ್ಗೆ ಪರ್ಸೆಂಟು ಸಾಹೇಬರೇ ಖುದ್ದಾಗಿ ನಮ್ಮ ಕೇಂದ್ರಕ್ಕೆ ಬಂದಿದ್ದರು. ಡಾಕ್ಟರ ಮೇಜಿನ ಮೇಲೆ ಒಂದು ಹಾಳೆ ಸಿದ್ಧವಾಗಿತ್ತು. 'ಪದೇ ಪದೇ ತಿಳಿಹೇಳಿದಾಗ್ಯೂ ಸದರಿ ಮಗುವಿನ ತಾಯಿಯು ಲಸಿಕೆ ಹಾಕಿಸಲು ನಿರಾಕರಿಸಿದ್ದು, ನೋಂದಣಿಯಲ್ಲಿ ಕಣ್ತಪ್ಪಿನಿಂದ ತಪ್ಪು ನಮೂದಾಗಿರುತ್ತದೆ.' ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಹಾಕು," ಎಂದರು ಡಾಕ್ಟರು. "ಬರೀ ಎಚ್ಚರಿಕೆ ಕೊಟ್ಟು ಬಿಡ್ತಾರೆ. ಹಾಕ್ಲಿಲ್ಲ ಅಂದ್ರೆ ಸುಳ್ಳು ದಾಖಲೆ ಕೇಸು. ಸತ್ತ ಮಗು ಏನು ಎದ್ದು ಬರಲ್ಲ."

"ನಿರಾಕರಿಸಿದ್ದಾಳಾ? ಮೂರು ವಾರ ನಡ್ಕೊಂಡು ಬಂದೋಳು ಸಾರ್ ಅವಳು."

"ನಿನ್ನ ತಂಗೀನೇ ತಾನೇ? ಮನೆಯೋಳು. ಹೇಳಿ ಒಪ್ಪಿಸ್ಕೋ."

"ಉಳಿದ ಮೂವತ್ತೊಂದು ಮಕ್ಕಳು? ಶೆಡ್ಡಲ್ಲಿ ಆಗ್ಲೇ ಇನ್ನೆರಡು ಮನೆಗೆ ಜ್ವರ ಬಂದಿದೆ. ಇವತ್ತೇ ಹಾಕ್ಬೇಕು."

ಪರ್ಸೆಂಟು ಸಾಹೇಬರು ತಮ್ಮ ಮೊಬೈಲು ನೋಡಿಕೊಂಡು ಹೇಳಿದರು, "ಅವು ಹಸಿರಿದಾವಲ್ಲ, ಇರ್ಲಿ ಬಿಡು. ಕೆದಕ್ಬೇಡ."

ಅಷ್ಟರಲ್ಲಿ ಅಂಗಳದಲ್ಲಿ ಸದ್ದಾಯಿತು. ಗೂಡಿನ ಹೆಂಗಸರು, ಅಜ್ಜಿಯರು, ಕೆಲಸಕ್ಕೆ ಚಕ್ಕರ್ ಹೊಡೆದು ಬಂದ ಇಬ್ಬರು ಅಪ್ಪಂದಿರು, ಎಲ್ಲರ ಸೊಂಟದಲ್ಲೂ ಹೆಗಲಲ್ಲೂ ಮಕ್ಕಳು. ಕೂದಲಲ್ಲಿ ಇನ್ನೂ ಇಟ್ಟಿಗೆಯ ಧೂಳಿತ್ತು. ಮುಂದೆ ನನ್ನ ತಂಗಿ. ಅವಳ ಕೈ ಬರಿದಾಗಿತ್ತು.

"ಮೂವತ್ತೊಂದೂ ಇದಾವೆ," ಎಂದಳು. "ಇವಕ್ಕಾದ್ರೂ ಹಾಕು."

ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದೆ. ಲಸಿಕೆ ಕೋಣೆಗೆ ಎಲ್ಲರನ್ನೂ ಕರೆದುಕೊಂಡು ಹೋಗಿ ಒಳಗಿನಿಂದ ಚಿಲಕ ಹಾಕಿದೆ. ಡಾಕ್ಟರು ಬಾಗಿಲು ಬಡಿದರು. "ಏ ಮುಂಡೇದೇ, ತೆಗಿಯೇ! ಸರ್ಕಾರಿ ಮಾಲು ಅದು!" ಸ್ವಲ್ಪ ಹೊತ್ತಿಗೆ ಹೊರಗಿನಿಂದ ಬೀಗ ಬಿದ್ದ ಸದ್ದು. ಪೊಲೀಸು ಬರುವವರೆಗೆ ಕೊಳೆಯಲಿ ಎಂದು ಸಾಹೇಬರು ಹೇಳಿದ್ದು ಎಲ್ಲರಿಗೂ ಕೇಳಿಸಿತು. ಒಬ್ಬಳು ಅಳಲು ಶುರುಮಾಡಿದಳು. ಅವಳ ಅತ್ತೆ ತಲೆಗೊಂದು ಮೊಟಕಿ, "ಅಳೋದಾದ್ರೆ ಆಮೇಲೆ ಅಳು, ಮಗೂನ ಗಟ್ಟಿಯಾಗಿ ಹಿಡ್ಕೋ," ಎಂದಳು.

ಹತ್ತು ಜನ ಕೂರುವ ಆ ಕೋಣೆಯಲ್ಲಿ ಎಲ್ಲರೂ ಮೈಗೆ ಮೈ ಒತ್ತಿಕೊಂಡು ಸೇರಿದ್ದರು. ಇರುವುದೊಂದೇ ಕಿಟಕಿ, ಅದಕ್ಕೂ ಸರಳು. ಫ್ರಿಜ್ಜಿನಿಂದ ಮೊದಲ ಬಾಟಲಿ ತೆಗೆದೆ. ಅದರ ಗುರುತು ತೋರಿಸಿ ಮೊದಲ ಮಗುವಿನ ಹೆಸರು ಒತ್ತಿದೆ. ಈಗಾಗಲೇ ನೀಡಲಾಗಿದೆ. ಎರಡನೆಯದು, ಈಗಾಗಲೇ ನೀಡಲಾಗಿದೆ. ಮೊಬೈಲನ್ನು ಕಸದ ಬುಟ್ಟಿಗೆ ಹಾಕಿದೆ. ತಂಗಿ ಕುರ್ಚಿಯಲ್ಲಿ ಕೂತು ಒಂದೊಂದೇ ಮಗುವನ್ನು ಮಡಿಲಿಗೆ ಹಾಕಿಕೊಂಡು ತೋಳು ಹಿಡಿದಳು, ನಾನು ಚುಚ್ಚಿದೆ. ಅಳುವ ಮಕ್ಕಳಿಂದ ಕೋಣೆ ತುಂಬಿಹೋಯಿತು.

ಮೂವತ್ತು ಮುಗಿಯುವಾಗ ಮೂರು ಬಾಟಲಿ ಬರಿದಾದವು. ಉಳಿದದ್ದು ಒಂದು ಹೆಣ್ಣುಕೂಸು, ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಕಿಟಕಿಯ ಸರಳಿನ ಆಚೆ ಡಾಕ್ಟರ ಮುಖ ಕಾಣಿಸಿತು. ಅವರೂ ಎಣಿಸುತ್ತಿದ್ದರು.

"ಮೂವತ್ತಾಯ್ತಲ್ಲ, ಸಾಕು ನಿಲ್ಸು," ಎಂದರು. ದನಿ ಮೆತ್ತಗಾಗಿತ್ತು. "ಒಂದಕ್ಕೋಸ್ಕರ ಇನ್ನೊಂದು ಒಡೀಬೇಡ. ಮೂರು ಬಾಟಲಿ ನಾನು ಹೆಂಗೋ ಸರಿ ಮಾಡ್ಕೋತೀನಿ. ಕೇಸೂ ಆಗದಂಗೆ ನೋಡ್ಕೋತೀನಿ. ಬೀಗ ತೆಗೀತೀನಿ, ನೀನೂ ಚಿಲಕ ತೆಗೆದು ಆಚೆ ಬಾ."

ಅಜ್ಜಿ ಕೂಸನ್ನು ಸರಿಮಾಡಿಕೊಂಡು ಎದ್ದಳು. "ನಂದು ಬಿಡು ಸೂಜಿಯಕ್ಕ. ನಿನಗ್ಯಾಕೆ ತೊಂದ್ರೆ? ಮುಂದಿನ ವಾರ ಬರ್ತೀನಿ."

"ಕೂತ್ಕೋ ಅಜ್ಜಿ," ಎಂದಳು ತಂಗಿ. ಕೂಸನ್ನು ಅವಳ ಹೆಗಲಿನಿಂದ ಬಿಡಿಸಿ ತನ್ನ ಮಡಿಲಿಗೆ ಎಳೆದುಕೊಂಡಳು. ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದಳು. ಆಮೇಲೆ, ಆಸ್ಪತ್ರೆಯಲ್ಲಿ ನಾನು ಬಾಯಿ ಬಿಟ್ಟ ದಿನದಿಂದ ಮೊದಲ ಸಲ, ನನ್ನ ಕಣ್ಣನ್ನು ನೇರವಾಗಿ ನೋಡಿದಳು.

ನಾನು ನಾಲ್ಕನೇ ಬಾಟಲಿಯ ಮುಚ್ಚಳ ಕಿತ್ತೆ.

"ಒಂಬತ್ತು ವೇಸ್ಟು!" ಎಂದು ಡಾಕ್ಟರು ಸರಳು ಹಿಡಿದು ಕಿರುಚಿದರು. "ಒಂಬತ್ತು ವೇಸ್ಟಾಯ್ತಲ್ಲೇ, ಬೇವರ್ಸಿ!"

"ಬರ್ಕೊಳ್ಳಿ ಸಾರ್," ಎಂದೆ. "ನನ್ನ ಹೆಸರಲ್ಲೇ ಬರ್ಕೊಳ್ಳಿ."

ಕೂಸು ಎಚ್ಚರಗೊಂಡು ಚೀರಿತು. ತಂಗಿ ಅದನ್ನು ಎದೆಗೊತ್ತಿಕೊಂಡು ಬೆನ್ನು ತಟ್ಟತೊಡಗಿದಳು, ಅಜ್ಜಿ ಕೈ ಚಾಚಿದರೂ ಬಿಡಲಿಲ್ಲ. ಅಂಗಳದಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಹೊರಗಿನ ಬೀಗ ಇನ್ನೂ ಹಾಗೇ ಇತ್ತು.