ಎರಡು ಕುರ್ಚಿ, ಒಂದು ಬೆಂಚು

ವೃದ್ಧಾಶ್ರಮದಲ್ಲಿ ಗೆಳತಿಯ ಕೋಣೆಗೆ ಕಾಲಿಟ್ಟ ಕೂಡಲೇ ಕೆಂಡಮ್ಮನ ಮೈ ಉರಿಯಿತು. ಸಿಟ್ಟಿಗೇ ಈ ಹೆಸರು ಬಂದಿದ್ದು, ಸುಮ್ಮನೆ ಬಂದದ್ದಲ್ಲ. ಇದ್ದ ಎರಡೂ ಕುರ್ಚಿಗಳಲ್ಲಿ ಗೆಳತಿಯ ಮಗ, ಸೊಸೆ ಕೂತಿದ್ದರು. ಗೆಳತಿಗೆಂದು ಬಂದ ಚಹಾ ಸೊಸೆಯ ಕೈಯಲ್ಲಿತ್ತು. ಗಂಡ ಹೆಂಡತಿ ತಮ್ಮ ಮನೆಯ ಗೋಡೆಗೆ ಯಾವ ಬಣ್ಣ ಬಳಿಸಬೇಕೆಂದು ಚರ್ಚೆ ಮಾಡುತ್ತಿದ್ದರೆ, ಮುದುಕಿ ಗೆಳತಿ ಮಂಚದ ತುದಿಯಲ್ಲಿ ಚಪ್ಪಲಿ ಮೆಟ್ಟಿಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು.

ಇಬ್ಬರು ಗೆಳತಿಯರೂ ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದೇ ಮೇಜಿಗೆ ನಿಂತು ಇಸ್ತ್ರಿ ಹಾಕಿ ಆಯುಷ್ಯ ಸವೆಸಿದವರು. ಮಧ್ಯಾಹ್ನ ಆ ಬೇಗೆಯಿಂದ ಹೊರಗೆ ಬಂದು ಗಾಳಿಗೆ ಕೂತರೇನೇ ಅವರಿಗೆ ಜೀವ ಬರುತ್ತಿತ್ತು. ಮುದುಕಿ ಈಗಲೂ ಕೇಳುತ್ತಿದ್ದದ್ದು ಅಷ್ಟೇ. ರಸ್ತೆಯಾಚೆ ಮರದ ಕೆಳಗಿನ ಬೆಂಚಿನಲ್ಲಿ ಒಂದು ಗಳಿಗೆ ಕೂರಬೇಕು. ಗೇಟು ದಾಟಿಸಲು ಮನೆಯವರೇ ಬೇಕೆಂಬುದು ಆಶ್ರಮದ ಕಟ್ಟುಪಾಡು. ಮಗ ಪ್ರತಿ ಸಲವೂ ಮುಂದಿನ ವಾರ ಅನ್ನುತ್ತಿದ್ದ. ಇವತ್ತು, ಬಿದ್ದುಗಿದ್ದರೆ ಯಾರು ನೋಡಿಕೊಳ್ಳುವುದು ಅಂದ.

"ಅಮ್ಮನ ಕೈ ಹಿಡಿದ್ರೆ ನಿನ್ನ ಕೈ ಸವೆದು ಹೋಗುತ್ತೇನೋ?"

"ಆಂಟಿ, ಇದು ನಮ್ಮ ಮನೆ ವಿಷಯ."

"ಮನೇಲಿ ಇಟ್ಕೊಂಡಿದ್ರೆ ಮನೆ ವಿಷಯ ಆಗ್ತಿತ್ತು."

ಕೆಂಡಮ್ಮ ಗೆಳತಿಯ ತೋಳು ಹಿಡಿದು ಎಬ್ಬಿಸಿ, ನಡೆಸಿಕೊಂಡು ಹೊರಟೇಬಿಟ್ಟಳು. ಗೇಟಿನ ಹತ್ತಿರ ಮೇಲ್ವಿಚಾರಕಿ ಅಡ್ಡ ಬಂದು, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ಸ್ವಂತ ಅಕ್ಕ ಅಂದಳು ಕೆಂಡಮ್ಮ, ಕಣ್ಣು ಮಿಟುಕಿಸದೆ. ಅಷ್ಟರಲ್ಲಿ ಮಗ ಏದುಸಿರು ಬಿಡುತ್ತ ಓಡಿ ಬಂದು, ನಮ್ಮಮ್ಮನಿಗೆ ಅಕ್ಕನೂ ಇಲ್ಲ ತಂಗಿಯೂ ಇಲ್ಲ, ಮಗ ನಾನು ಎಂದ. ಮೇಲ್ವಿಚಾರಕಿ ಮುದುಕಿಯನ್ನೇ ಕೇಳಿದಳು.

ಮುದುಕಿ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಒಗೆದ ಬಟ್ಟೆಯಲ್ಲಿ ಕಲೆ ಹುಡುಕುವ ಹಾಗೆ.

"ಇವಳು ನಮ್ಮಕ್ಕ. ಇವರು ಯಾರೋ ಗೊತ್ತಿಲ್ಲಮ್ಮ. ವಾರ ವಾರ ಬಂದು ನನ್ನ ಚಹಾ ಕುಡಿದು ಹೋಗ್ತಾರೆ."

ಮಗನ ಮುಖ ಕಪ್ಪಿಟ್ಟಿತು. ಅಮ್ಮನಿಗೆ ಮರೆವು ಎಂದು ತೊದಲಿದ. ವಾರ ವಾರವೂ ಆ ಕೋಣೆಗೆ ಚಹಾ ಕಳಿಸುತ್ತಿದ್ದ ಮೇಲ್ವಿಚಾರಕಿ ನಗು ತಡೆದುಕೊಂಡು, ಮಗನೇ ಆಗಿದ್ದರೆ ಆ ಕಡೆಯ ಕೈ ಹಿಡಿಯಿರಿ, ಗೇಟು ತೆಗೆಯುತ್ತೇನೆ ಅಂದಳು.

ಬೇರೆ ದಾರಿ ಇರಲಿಲ್ಲ, ಹಿಡಿದ. ರಸ್ತೆ ದಾಟಿದರೂ ಕೆಂಡಮ್ಮನ ಸಿಟ್ಟು ಇಳಿದಿರಲಿಲ್ಲ. ಗೆಳತಿಯನ್ನು ಬೆಂಚಿನಲ್ಲಿ ಕೂರಿಸಿ, ಪಕ್ಕದಲ್ಲಿ ತಾನು ಕೂತು, ಉಳಿದ ಜಾಗದಲ್ಲಿ ತನ್ನ ಚೀಲ ಇಟ್ಟಳು.

"ನೀನು ನಿಂತ್ಕೋ," ಅಂದಳು.