ಬೆನ್ನ ಹಿಂದಿನ ಮಾತು

ಬೆನ್ನ ಹಿಂದೆ ಮಾತಾಡುವುದು ಕೆಟ್ಟ ಬುದ್ಧಿ ಎಂದು ಎಲ್ಲರ ಮನೆಯಲ್ಲೂ ಮಕ್ಕಳಿಗೆ ಕಲಿಸುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆಂದೇ ವರ್ಷಕ್ಕೊಂದು ದಿನ ಇದೆ.

ಅಮ್ಮ ಬಟ್ಟೆ ಹೊಲಿಯುತ್ತಾಳೆ. ಅವಳ ಮಿಷಿನ್ನು ಕಿಟಕಿಗೆ ಮುಖ ಮಾಡಿಕೊಂಡಿರುವುದರಿಂದ ನಾನೂ ಅಣ್ಣನೂ ಬೆಳೆದದ್ದೇ ಅವಳ ಬೆನ್ನಿನ ಜೊತೆ ಮಾತಾಡುತ್ತಾ. ಅಪ್ಪನಿಗೋ ಯಾರನ್ನಾದರೂ ಎದುರಿಗೆ ಹೊಗಳಬೇಕೆಂದರೆ ಕೆಮ್ಮು ಬರುತ್ತದೆ. ಒಂದು ವರ್ಷ ಶಾಲೆ ಯೂನಿಫಾರಂಗಳ ರಾಶಿ ಮುಗಿಸಿ ಅಮ್ಮ ಕೊನೆಯ ದಾರ ಕತ್ತರಿಸುತ್ತಿದ್ದಾಗ, ಅಪ್ಪ ಹಿಂದೆ ನಿಂತು, ಈ ಮನೆ ನಿಂತಿರುವುದೇ ಇವಳ ಬೆನ್ನಿನ ಮೇಲೆ ಎಂದುಬಿಟ್ಟ. ಕೆಮ್ಮಲಿಲ್ಲ. ಅಮ್ಮ ತಿರುಗಿ ನೋಡಲಿಲ್ಲ, ಕತ್ತರಿಸಿದ ದಾರವನ್ನೇ ಮತ್ತೆ ಮತ್ತೆ ಕತ್ತರಿಸಿದಳಂತೆ.

ಅಂದಿನಿಂದ ಯೂನಿಫಾರಂ ಗದ್ದಲ ಮುಗಿದ ಮೊದಲ ಭಾನುವಾರ ಒಬ್ಬೊಬ್ಬರಾಗಿ ಮಿಷಿನ್ನಿನ ಸ್ಟೂಲಿನ ಮೇಲೆ ಕಿಟಕಿ ಕಡೆ ಮುಖ ಮಾಡಿ ಕೂರಬೇಕು. ಉಳಿದವರು ಹಿಂದೆ ನಿಂತು, ಕೂತವರಿಂದ ತಮಗಾದ ಉಪಕಾರವನ್ನು ಬಿಡಿಸಿ ಹೇಳಬೇಕು. ಕೂತವರು ತಿರುಗುವಂತಿಲ್ಲ, ಉತ್ತರ ಕೊಡುವಂತಿಲ್ಲ. ಹೇಳುವವರು ‘ಆದರೆ’ ಅನ್ನುವಂತಿಲ್ಲ, ಅಂದರೆ ಮೊದಲಿಂದ ಶುರು. ಈ ಕೊನೆಯ ಕಾನೂನು ಅಣ್ಣ ಮಾಡಿದ್ದು, ಅದೂ ಅಮ್ಮನನ್ನು ಗುರಿಯಿಟ್ಟುಕೊಂಡೇ. ಅಮ್ಮನ ಬಾಯಿಂದ ಹೊಗಳಿಕೆ ಹೊರಟರೆ ಅದರ ಬಾಲ ಹಿಡಿದು ಒಂದು ‘ಆದರೆ’ ಬಂದೇ ಬರುತ್ತದೆ.

ಅಣ್ಣ ಕಾಯಿಲೆ ಬಿದ್ದು ತೀರಿಕೊಂಡ ಮೇಲೂ ಅತ್ತಿಗೆ ನಮ್ಮ ಜೊತೆಯಲ್ಲೇ ಉಳಿದಳು. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಈ ವರ್ಷ, ಆ ಅಂಗಡಿಗೆ ಕನ್ನಡಕದ ಗಾಜು ಉಜ್ಜಿ ಅಳತೆಗೆ ತಂದುಕೊಡುವವರನ್ನು ಮದುವೆಯಾಗಬೇಕೆಂದಿದ್ದೇನೆ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ನನಗಂತೂ ಅವಳ ಧೈರ್ಯ ಕಂಡು ಹೆಮ್ಮೆಯೆನಿಸಿತು. ಅಪ್ಪ ಕೆಮ್ಮುತ್ತಲೇ ಒಳ್ಳೆಯದಾಗಲಿ ಎಂದ. ಅಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಅತ್ತಿಗೆಗೆ ಬಡಿಸುತ್ತಿದ್ದಳು, ಅವಳ ಅಂಗಿಯ ಗುಂಡಿ ಸಡಿಲಾದರೆ ಹೊಲಿದಿಡುತ್ತಿದ್ದಳು, ಮಾತು ಮಾತ್ರ ಇಲ್ಲ. ಆ ಮನುಷ್ಯನ ಸುದ್ದಿ ಬಂದರೆ ‘ಅವನ್ಯಾವನೋ ಕನ್ನಡಕದವನು’ ಅಂತ ಮೂತಿ ತಿರುಗಿಸುತ್ತಿದ್ದಳು. ಅತ್ತೆ ಮನಸಾರೆ ಕಳಿಸದಿದ್ದರೆ ತಾನು ಹೋಗುವುದೇ ಇಲ್ಲ, ಹಾಗೆ ಹೋದರೆ ತಿರುಗಿ ಬರಲು ಈ ಮನೆ ಇರುವುದಿಲ್ಲ ಎಂದು ಅತ್ತಿಗೆ ನನ್ನೆದುರು ಅತ್ತಳು.

ಭಾನುವಾರ ಅವಳು ಸ್ಟೂಲಿನ ಮೇಲೆ ಕೂತಳು. ನನಗೆ ಜ್ವರ ಬಂದಾಗ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದನ್ನು ನಾನು ಹೇಳಿದೆ. ಇವಳು ಮಾಡಿಸಿಕೊಟ್ಟಂಥ, ಮೂಗಿನಿಂದ ಜಾರದ ಕನ್ನಡಕ ತನ್ನ ಜೀವಮಾನದಲ್ಲಿ ಇದೇ ಮೊದಲು ಎಂದು ಅಪ್ಪ ಹೇಳಿದ. ಅಮ್ಮನ ಸರದಿ ಬಂದಾಗ ಒಲೆ ನೋಡಿಕೊಂಡು ಬರುತ್ತೇನೆಂದು ಒಳಗೆ ಹೋದಳು. ಒಲೆ ಹಚ್ಚಿಯೇ ಇರಲಿಲ್ಲ.

ಬಂದು ನಿಂತು, "ಇವಳು ನನ್ನ ಮಗನ್ನ ಚೆನ್ನಾಗಿ ನೋಡ್ಕೊಂಡಳು. ಆದರೆ..." ಎಂದಳು.

"ಮೊದಲಿಂದ," ಎಂದ ಅಪ್ಪ. ಅಪ್ಪನ ಗಂಟಲಲ್ಲಿ ಅಷ್ಟು ಗಟ್ಟಿ ದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಅಮ್ಮ ಮತ್ತೆ ಶುರು ಮಾಡಿ ಅಲ್ಲೇ ಎಡವಿದಳು. ಸಿಟ್ಟಿನಿಂದ ಅಪ್ಪನ ಕಡೆ ನೋಡಿದಳು. ಆಮೇಲೆ ಅತ್ತಿಗೆಯ ಬೆನ್ನನ್ನೇ ಬಹಳ ಹೊತ್ತು ನೋಡಿದಳು.

"ಅವನು ಹಾಸಿಗೆ ಹಿಡಿದಾಗ ನಾವೆಲ್ಲ ಮೆತ್ತಗೆ ಮಾತಾಡಿಸ್ತಿದ್ವಿ. ಇವಳು ಮಾತ್ರ ಜಗಳ ಆಡ್ತಿದ್ದಳು. ಗೊರಕೆ ಹೊಡೀತೀರಿ ಅಂತ, ಪೇಪರ್ ಓದಿ ಮುದುರಿ ಹಾಕ್ತೀರಿ ಅಂತ. ಸಾಯೋನ ಹತ್ರ ಹಿಂಗಾ ಆಡೋದು ಅಂತ ನಾನು ಬೈದೆ. ಅವನು ನಗ್ತಿದ್ದಿದ್ದೇ ಆವಾಗ. ನಮಗೆಲ್ಲ ಅವನು ಬರೀ ರೋಗಿ ಆಗ್ಬಿಟ್ಟಿದ್ದ. ಇವಳಿಂದ ಕೊನೇವರೆಗೂ ಗಂಡ ಆಗಿದ್ದ."

ನಾನು ‘ಆದರೆ’ಗೆ ಕಾದೆ. ಬರಲಿಲ್ಲ. ಅತ್ತಿಗೆಯ ಭುಜ ಅಲುಗುತ್ತಿತ್ತು. ಜಗಳವಾಡಿಯೇ ಗಂಡನನ್ನು ಕೊನೆವರೆಗೂ ಗಂಡನಾಗಿ ಉಳಿಸಿಕೊಂಡವಳು ಒಬ್ಬಳು, ಅದನ್ನು ಬಾಯಿಬಿಟ್ಟು ಒಪ್ಪಿಕೊಂಡವಳು ಇನ್ನೊಬ್ಬಳು. ಇಬ್ಬರಲ್ಲಿ ಯಾರು ಹೆಚ್ಚೆಂದು ಕೇಳಿದರೆ ಇವತ್ತಿಗೂ ನನಗೆ ಹೇಳಲಾಗದು.

ಅಮ್ಮ ಹತ್ತಿರ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟಳು.

"ಬರೋ ವರ್ಷ ಆ ಕನ್ನಡಕದವರನ್ನೂ ಕರ್ಕೊಂಡು ಬಾ. ಅವರ ಬೆನ್ನ ಹಿಂದೆ ಮಾತಾಡೋಕೂ ನಮಗೆ ಏನಾದ್ರೂ ಸಿಗಲಿ."

ಅತ್ತಿಗೆ ಉತ್ತರ ಕೊಡುವಂತಿರಲಿಲ್ಲ. ತಿರುಗದೆಯೇ, "ಬರ್ತೀವಿ ಅತ್ತೆ," ಎಂದಳು.